ಕರೆಂಟಿಲ್ಲದ ಇಪ್ಪತ್ತೆರಡು ನಿಮಿಷ

ಮೊನ್ನೆ ಅಂಗಡಿಯ ಕಪಾಟು ಸ್ವಚ್ಛ ಮಾಡುವಾಗ ಆಟೋರಿಕ್ಷಾದ ಹಾರ್ನಿನ ಬಟನ್ ಒಂದು ಕೈಗೆ ಸಿಕ್ಕಿತು. ಒತ್ತಿದರೆ ಒತ್ತಿದಲ್ಲಿಯೇ ಕೂಡುತ್ತದೆ, ತಾನಾಗಿ ಮೇಲೆ ಏಳುವುದಿಲ್ಲ. ಸುತ್ತಲೂ ವಾರ್ನಿಷ್ ಹರಳುಗಟ್ಟಿ, ಹಳೆಯ ಬೆಲ್ಲದ ಬಣ್ಣಕ್ಕೆ ತಿರುಗಿದೆ. ನನ್ನ ಹೆಂಡತಿ ಗಿರಿಜಾ ಅದನ್ನು ಗುಜರಿ ಬುಟ್ಟಿಗೆ ಒಗೆದಳು. ನಾನು ತೆಗೆದು ಜೇಬಿಗೆ ಹಾಕಿಕೊಂಡೆ. ಆಕೆ ನನ್ನ ಮುಖ ನೋಡಿದಳು, ನಾನು ಆಕೆಯ ಮುಖ ನೋಡಿದೆ, ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಈ ಬಟನ್ನು ಮಾಡಿದ ಅವಾಂತರ ಗೊತ್ತಾದರೆ ನೀವೂ ನಗುತ್ತೀರಿ. ನಕ್ಕರೆ ನನಗೇನೂ ಬೇಸರವಿಲ್ಲ, ಕಡೆಗೆ ಗೆದ್ದವನು ನಾನೇ.

ನಾನು ರಾಣೆಬೆನ್ನೂರಿನಲ್ಲಿ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವವನು. ರೀವೈಂಡಿಂಗ್ ಅನ್ನುತ್ತಾರೆ. ಏಳನೇತ್ತ, ಅಂದರೆ ಏಳನೇ ತರಗತಿ, ಮುಗಿಸಿದ ವರ್ಷ ಅರಳೆ ಗಿರಣಿಯಲ್ಲಿ ಅಪ್ಪನ ಬೆನ್ನಿನ ಮೇಲೆ ಹತ್ತಿ ಒತ್ತಿ ಕಟ್ಟಿದ ಅಂಡಿಗೆ ಉರುಳಿತು. ಆತ ಮತ್ತೆ ನೆಟ್ಟಗೆ ಕೂಡುವ ಹೊತ್ತಿಗೆ ನಾನು ಮೋಟರು ಸುತ್ತುವ ಉಸ್ತಾದರೊಬ್ಬರ ಅಂಗಡಿಯಲ್ಲಿ ತಂತಿಯ ಮುಂದೆ ಕೂತುಬಿಟ್ಟಿದ್ದೆ. ಅದರ ಬಗ್ಗೆ ಅಳುವಂಥದ್ದೇನಿಲ್ಲ. ಉಸ್ತಾದರು ಬೈಗುಳಕ್ಕೆ ಎಷ್ಟು ಧಾರಾಳಿಯೋ ವಿದ್ಯೆಗೂ ಅಷ್ಟೇ ಧಾರಾಳಿ. ಸುತ್ತು ಎಣಿಸುವುದನ್ನು ಹುಣಸೆ ಬೀಜ ಇಟ್ಟು ಕಲಿಸಿದರು. ನೂರು ಸುತ್ತಾದರೆ ಬಟ್ಟಲಿಗೆ ಒಂದು ಬೀಜ. ನಡುವೆ ಯಾರಾದರೂ ಮಾತಾಡಿಸಿ ಲೆಕ್ಕ ತಪ್ಪಿದರೆ ಪೂರ್ತಿ ಬಿಚ್ಚಿ ಮತ್ತೆ ಮೊದಲಿಂದ. ಹೀಗಾಗಿ ಮಾತಿಗಿಂತ ಮೌನ ನನಗೆ ಬೇಗ ರೂಢಿಯಾಯಿತು. ಇಂಗ್ಲಿಷು ಬಂದದ್ದು ಕೂಡ ಮೋಟರುಗಳ ನೇಮ್‌ಪ್ಲೇಟಿನಿಂದ. ವೋಲ್ಟ್, ಆಂಪ್, ಫೇಜ್, ಮೇಡ್ ಇನ್ ಇಂಡಿಯಾ. ಇವತ್ತಿಗೂ ಇಂಗ್ಲಿಷ್ ಅಕ್ಷರ ತಗಡಿನ ಮೇಲಿದ್ದರೆ ನನಗೆ ಲಗೂ ತಿಳಿಯುತ್ತದೆ, ಕಾಗದದ ಮೇಲಿದ್ದರೆ ಸ್ವಲ್ಪ ತಡ.

ಅಂಗಡಿ ನನ್ನದೇ ಆದ ಮೇಲೆ, ಎಂಬತ್ತರ ದಶಕದ ನಡುವಿನಲ್ಲಿ, ಕೆಲಸದ ಮೇಜಿನ ಮೇಲೆ ಒಂದು ಹಳೆಯ ರೇಡಿಯೋ ಇಟ್ಟಿದ್ದೆ. ಒಂದು ದಿನ ಬೆಳಿಗ್ಗೆ ಶಾರ್ಟ್‌ವೇವಿನಲ್ಲಿ ಮುಳ್ಳು ತಿರುಗಿಸುತ್ತಿರುವಾಗ, ಎರಡು ಸ್ಟೇಷನ್ನುಗಳ ಸಂದಿಯಲ್ಲಿ ಯಾರೋ ಕನ್ನಡದಲ್ಲಿ ಇಡ್ಲಿಯ ವಿಷಯ ಮಾತಾಡುತ್ತಿದ್ದರು. ಒಬ್ಬರ ಮನೆಯಲ್ಲಿ ಇಡ್ಲಿ ಕಲ್ಲಾಗಿದೆಯಂತೆ. ಇನ್ನೊಬ್ಬರು ಶಿವಮೊಗ್ಗದಿಂದ ಉದ್ದಿನ ಬೇಳೆಯನ್ನು ಎಷ್ಟು ಹೊತ್ತು ನೆನೆಸಬೇಕೆಂದು ಹೇಳುತ್ತಿದ್ದಾರೆ. ನಾನು ದಂಗಾದೆ. ರೇಡಿಯೋದಲ್ಲಿ ಮಾತಾಡುವವರು ಒಂದೋ ಸುದ್ದಿ ಓದುತ್ತಾರೆ, ಇಲ್ಲವೇ ಕೃಷಿಕರಿಗೆ ಸಲಹೆ ಕೊಡುತ್ತಾರೆ ಎಂದು ನಾನು ತಿಳಿದಿದ್ದೆ. ಇವರು ಯಾರು, ಆಕಾಶದಲ್ಲಿ ಕಟ್ಟೆ ಕಟ್ಟಿಕೊಂಡು ಹರಟೆ ಹೊಡೆಯುವವರು?

ಅದನ್ನು ಬಿಡಿಸಿ ಹೇಳಿದವರು ಬ್ಯಾಡಗಿಯ ಖಾದರಸಾಬರು. ಮೆಣಸಿನಕಾಯಿ ವ್ಯಾಪಾರಸ್ಥರು, ನನಗಿಂತ ಹದಿನೈದು ವರ್ಷ ಹಿರಿಯರು, ಪಂಪಿನ ಮೋಟರು ಹೊತ್ತುಕೊಂಡು ನನ್ನಲ್ಲಿಗೆ ಬರುತ್ತಿದ್ದವರು. ಅವರ ಅಂಗಿಗೆ ಮೆಣಸಿನ ಘಾಟು ಎಷ್ಟು ಹತ್ತಿರುತ್ತಿತ್ತೆಂದರೆ, ಅವರು ಬಸ್ ಇಳಿಯುವ ಮೊದಲೇ ನನಗೆ ಸೀನು ಬರುತ್ತಿತ್ತು. ಅವರೂ ಆ ಕಟ್ಟೆಯ ಸದಸ್ಯರೇ ಎಂದು ತಿಳಿದಾಗ ನಾನು ಮತ್ತೊಮ್ಮೆ ದಂಗಾದೆ. ಇದಕ್ಕೆ ಹ್ಯಾಮ್ ರೇಡಿಯೋ ಎನ್ನುತ್ತಾರೆ, ಸರಕಾರದ ಪರೀಕ್ಷೆ ಪಾಸಾಗಿ ಪರವಾನಗಿ ಪಡೆದರೆ ಮನೆಯಿಂದಲೇ ಯಂತ್ರ ಇಟ್ಟು ಮಾತಾಡಬಹುದು, ಧರ್ಮ, ರಾಜಕೀಯ, ವ್ಯಾಪಾರ ಮಾತ್ರ ಎತ್ತಬಾರದು ಎಂದು ಹೇಳಿದರು. ವ್ಯಾಪಾರ ಎತ್ತಬಾರದೆಂಬ ನಿಯಮವನ್ನು ಅವರು ಅಕ್ಷರಶಃ ಪಾಲಿಸುತ್ತಿದ್ದರು. ಮಾರುಕಟ್ಟೆಗೆ ಚೀಲ ಬಹಳ ಬಂದ ದಿನ ‘ಬ್ಯಾಡಗಿಯಾಗ ಇವತ್ತ ಕೆಮ್ಮ ಭಾಳ ಐತಿ’ ಎಂದಷ್ಟೇ ಹೇಳುತ್ತಿದ್ದರು.

ಎರಡು ವರ್ಷ ನಾನು ಓದಿದೆ. ಅಂಗಡಿ ಮುಚ್ಚಿದ ಮೇಲೆ ಒಂದು ತಾಸು, ತೆರೆಯುವ ಮೊದಲು ಒಂದು ತಾಸು. ಪುಸ್ತಕದ ಇಂಗ್ಲಿಷು ತಿಳಿಯದಿದ್ದರೆ ಚೀಟಿ ಬರೆದಿಟ್ಟುಕೊಂಡು ಖಾದರಸಾಬರು ಬಂದಾಗ ಕೇಳುತ್ತಿದ್ದೆ. ಮೋರ್ಸ್ ಸಂಕೇತದ ಚುಕ್ಕೆ ಗೆರೆಗಳನ್ನು ನೋಡಿ ಗಿರಿಜಾ ಲಟ್ಟಣಿಗೆಯಿಂದ ಕುಟ್ಟಿ ಕೇಳಿಸುವಳು, ನಾನು ಬರೆಯುವೆ. ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು ಮೊದಲನೆಯ ಸಲಕ್ಕೇ ಪಾಸಾದೆ. ಅರ್ಜಿಯಲ್ಲಿ ವಿದ್ಯಾಭ್ಯಾಸದ ಕಾಲಮ್ಮಿಗೆ ‘ಏಳನೇ ತರಗತಿ’ ಎಂದು ಬರೆದಿದ್ದೆ. ಅಧಿಕಾರಿಗಳು ಅದನ್ನು ನೋಡಿದರೋ ಇಲ್ಲವೋ, ನನಗಂತೂ ಒಂದು ಮಾತೂ ಅನ್ನಲಿಲ್ಲ. ಯಂತ್ರವನ್ನು ನಾನೇ ಕಟ್ಟಿದೆ. ಹಳೆಯ ರೇಡಿಯೋಗಳ ವಾಲ್ವು, ನನ್ನ ಕೈಯಿಂದಲೇ ಸುತ್ತಿದ ಟ್ರಾನ್ಸ್‌ಫಾರ್ಮರು, ಮಾತಾಡುವಾಗ ಒತ್ತಿ ಹಿಡಿಯಲಿಕ್ಕೆ ಆಟೋ ಹಾರ್ನಿನ ಬಟನ್ನು. ಒತ್ತಿದರೆ ನನ್ನ ಮಾತು ಹೊರಗೆ ಹೋಗುತ್ತದೆ, ಆಗ ಬೇರೆಯವರದು ಕೇಳಿಸುವುದಿಲ್ಲ. ಬಿಟ್ಟರೆ ಅವರದು ಕೇಳಿಸುತ್ತದೆ. ಯಂತ್ರ ಇಟ್ಟದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ. ಅದಕ್ಕೂ ಅಡಿಗೆ ಒಲೆಗೂ ನಡುವೆ ಬರೀ ಒಂದು ಪರದೆ.

ದಿನಾಲೂ ಬೆಳಿಗ್ಗೆ ಏಳಕ್ಕೆ ಕೂಟ. ಮೈಸೂರಿನ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರೊಬ್ಬರು ಅದರ ಯಜಮಾನರು. ಶಿವಮೊಗ್ಗದ ಡಾಕ್ಟರು, ಎಂಜಿನಿಯರುಗಳು, ಕಾಲೇಜಿನವರು, ಬ್ಯಾಡಗಿಯ ಖಾದರಸಾಬರು, ಈಗ ನಾನು. ಮೊದಲ ಅರ್ಧ ತಾಸು ಶಾಸ್ತ್ರ. ಆಂಟೆನಾ ಯಾಕೆ ಹೀಗೆ, ಸೂರ್ಯನ ಕಲೆ ಹೆಚ್ಚಾದರೆ ಅಲೆಗಳಿಗೆ ಏನಾಗುತ್ತದೆ. ಅದು ಮುಗಿದ ಮೇಲೆ ಮೇಷ್ಟ್ರು ‘ಈಗ ಎಲೆಯಡಿಕೆ ಹೊತ್ತು’ ಎಂದು ಘೋಷಿಸುವರು. ಆಮೇಲೆ ಹರಟೆ. ಮಳೆ, ಮೊಮ್ಮಗಳು, ಮಂಡಿನೋವು, ಇಡ್ಲಿ. ಈ ಜನ ಒಬ್ಬರಿಗೊಬ್ಬರು ವಯಸ್ಸು ನೋಡದೆ ‘ಓಲ್ಡ್ ಮ್ಯಾನ್’ ಎನ್ನುತ್ತಾರೆ, ಅದು ಅವರ ಪದ್ಧತಿ. ಮೊದಲ ದಿನ ಮೇಷ್ಟ್ರು ನನ್ನನ್ನು ಹಾಗೆ ಕರೆದಾಗ ನನಗೆ ಮೂವತ್ತೊಂದು ವರ್ಷ. ಸಿಟ್ಟಿನಿಂದ ಎದ್ದು ಕನ್ನಡಿ ನೋಡಿಕೊಂಡು ಬಂದೆ.

ಈಗ ಒಂದು ಸತ್ಯ ಹೇಳಿಬಿಡುತ್ತೇನೆ. ಶಾಸ್ತ್ರಕ್ಕೆ ನಾನು ಎಂದೂ ಹೆದರಲಿಲ್ಲ. ತಂತಿ, ಸುರುಳಿ, ಕಬ್ಬಿಣದ ಪಟ್ಟಿ ಅಂದರೆ ಎಂಥ ಪಂಡಿತರ ಎದುರಿಗೂ ಬಾಯಿ ಬಿಡುತ್ತಿದ್ದೆ. ಹೆದರಿದ್ದು ಹರಟೆಗೆ. ಯಾಕೆಂದರೆ ಹರಟೆ ಎತ್ತ ಹೋದರೂ ತಿರುಗಿ ಬರುವುದು ಒಂದೇ ಬಾಗಿಲಿಗೆ: ನಿಮ್ಮದು ಯಾವ ಕಾಲೇಜು? ಡಾಕ್ಟರು ತಮ್ಮ ಹಾಸ್ಟೆಲಿನ ಸಾರಿನ ಕಥೆ ಹೇಳುವರು, ಮತ್ತೊಬ್ಬರು ಲ್ಯಾಬಿನಲ್ಲಿ ಗಡ್ಡ ಸುಟ್ಟುಕೊಂಡದ್ದು ಹೇಳುವರು, ಆಮೇಲೆ ಸರದಿ ನನ್ನ ಕಡೆ ತಿರುಗುವುದು. ನಾನು ಸುಳ್ಳು ಹೇಳಲಿಲ್ಲ, ಆ ಮಟ್ಟಿಗೆ ಒಳ್ಳೆಯವನು. ‘ರಾಣೆಬೆನ್ನೂರಾಗ ಕರೆಂಟ್ ಹೊಂಟೈತ್ರಿ, ಸೆವೆಂಟಿ ತ್ರೀ’ ಎಂದು ಹೇಳಿ ಯಂತ್ರದ ಸ್ವಿಚ್ಚು ಆರಿಸುತ್ತಿದ್ದೆ. ಸೆವೆಂಟಿ ತ್ರೀ ಅಂದರೆ ಈ ಜನರ ಭಾಷೆಯಲ್ಲಿ ನಮಸ್ಕಾರ, ಬರುತ್ತೇನೆ ಎಂದು. ನಮ್ಮ ಊರಿನ ಕರೆಂಟು ವಾರಕ್ಕೆ ಮೂರು ಸಲ ಸರಿಯಾಗಿ ಏಳು ಮೂವತ್ತೈದಕ್ಕೆ ಹೋಗತೊಡಗಿತು. ಒಂದು ದಿನ ಮೇಷ್ಟ್ರು, ನಿಮ್ಮೂರಿನ ಪರವಾಗಿ ನಾನೇ ಮೇಲಿನವರಿಗೆ ಒಂದು ಕಾಗದ ಬರೆಯುತ್ತೇನೆ, ಸಹಿ ಮಾಡಿ ಎಂದರು. ಆ ಕಾಗದವನ್ನು ತಪ್ಪಿಸಲಿಕ್ಕೆ ಪಟ್ಟ ಪಾಡು ಬೇರೆ. ಖಾದರಸಾಬರಿಗೆ ಎಲ್ಲ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಸಿಕ್ಕಾಗ ಮಾತ್ರ, ನಮ್ಮ ಬ್ಯಾಡಗಿಯಾಗ ಇರೂ ಕರೆಂಟಿಗೆ ರಾಣೆಬೆನ್ನೂರಿನ ಮೇಲೆ ಯಾಕೆ ಇಷ್ಟು ಸಿಟ್ಟು ಎಂದು ಗಂಭೀರವಾಗಿ ಕೇಳುವರು.

ನಿಮಗೆ ಇದು ಸಣ್ಣ ವಿಷಯ ಅನ್ನಿಸಬಹುದು. ನನಗೆ ಸಣ್ಣದಾಗಿರಲಿಲ್ಲ. ಅಂಗಡಿಯಲ್ಲಿ ನಾನು ‘ಏ ಚನ್ನಬಸಪ್ಪಾ, ಮೋಟರ್ ಆತೇನೋ’. ಏಳು ಗಂಟೆಯ ಕೂಟದಲ್ಲಿ ನಾನು ಹೇಳಿದ್ದನ್ನು ಡಾಕ್ಟರು ‘ರಿಪೀಟ್ ಮಾಡಿ, ಬರಕೊಳ್ತೀನಿ’ ಎನ್ನುತ್ತಿದ್ದರು. ಆ ಒಂದು ತಾಸು ಕೈತಪ್ಪಿ ಹೋದರೆ ಏನು ಗತಿ ಎಂಬ ಅಂಜಿಕೆ ನನಗೆ.

ತೊಂಬತ್ತರ ಸುಮಾರಿನ ಒಂದು ಬೆಳಗು. ಹಿಂದಿನ ದಿನ ಸುತ್ತಿದ ಮೋಟರಿಗೆ ಅಂದು ಬೆಳಿಗ್ಗೆ ಬೇಗ ಎದ್ದು ವಾರ್ನಿಷ್ ಬಳಿದಿದ್ದೆ. ಕೈ ಸರಿಯಾಗಿ ತೊಳೆಯದೆ ಏಳಕ್ಕೆ ಬಂದು ಕೂತೆ. ಅವತ್ತಿನ ವಿಷಯ ಟ್ರಾನ್ಸ್‌ಫಾರ್ಮರು. ಮೇಷ್ಟ್ರ ಟ್ರಾನ್ಸ್‌ಫಾರ್ಮರು ಮೂರನೆಯ ಸಲ ಸುಟ್ಟಿತ್ತು, ಅವರು ಎರವಲು ಯಂತ್ರದಿಂದ ಮಾತಾಡುತ್ತಿದ್ದರು. ನಾನು ಹುರುಪಿನಿಂದ, ತಂತಿಯ ಪದರುಗಳ ನಡುವೆ ಕಾಗದ ಹಾಕಿಲ್ಲ, ವಾರ್ನಿಷ್ ಹಸಿ ಇದ್ದಾಗಲೇ ಕರೆಂಟ್ ಕೊಟ್ಟಿದ್ದಾರೆ, ಅದು ಸುಡದೆ ಇನ್ನೇನು ಎಂದೆಲ್ಲ ಹೇಳಿದೆ. ಮೇಷ್ಟ್ರಿಗೆ ಭಾರಿ ಸಂತೋಷ. ಎಲೆಯಡಿಕೆ ಹೊತ್ತು ಬಂದದ್ದೇ ತಡ, ‘ಇಷ್ಟು ಚೆನ್ನಾಗಿ ಹೇಳ್ತೀರಲ್ಲ ಚನ್ನಬಸಪ್ಪನೋರೆ, ತಾವು ಯಾವ ಕಾಲೇಜಲ್ಲಿ ಓದಿದ್ದು?’ ಎಂದರು.

ನಾನು ಬಟನ್ ಒತ್ತಿದೆ. ಕರೆಂಟ್ ಹೊರಟಿತು, ಸೆವೆಂಟಿ ತ್ರೀ ಎಂದೆ. ಬೆರಳು ತೆಗೆದೆ. ಎಂದಿನಂತೆ ಸ್ವಿಚ್ಚು ಆರಿಸಲಿಲ್ಲ, ಅದು ನನ್ನ ಮೊದಲನೆಯ ತಪ್ಪು. ನನ್ನ ಹಿಂದೆ ಇವರು ಏನು ಮಾತಾಡಿಕೊಳ್ಳುತ್ತಾರೋ ಕೇಳೋಣ ಎಂಬ ದುರಾಸೆ. ಕಿವಿಗೊಟ್ಟೆ. ಏನೂ ಕೇಳಿಸಲಿಲ್ಲ, ಪೂರ್ತಿ ಮೌನ. ಅಲೆಗಳ ದಾರಿ ಕಟ್ಟಿತು, ಇಲ್ಲವೇ ಎಲ್ಲರೂ ಎದ್ದುಹೋದರು, ಬದುಕಿದೆ ಎಂದು ಹಿಂದಕ್ಕೆ ಒರಗಿದೆ. ಬೆರಳಿನ ವಾರ್ನಿಷ್ ಅಂಟಿ ಬಟನ್ನು ಒತ್ತಿದಲ್ಲಿಯೇ ಕೂತದ್ದು, ನನ್ನ ಯಂತ್ರ ಇನ್ನೂ ಮಾತು ಹೊರಗೆ ಕಳಿಸುತ್ತಲೇ ಇದ್ದದ್ದು ನನಗೆ ಗೊತ್ತಿಲ್ಲ. ಗೊತ್ತುಮಾಡಬೇಕಾದ ಕೆಂಪು ಬಲ್ಬು ಹೋಗಿ ಒಂದು ತಿಂಗಳಾಗಿತ್ತು. ಊರಿನವರ ಬಲ್ಬೆಲ್ಲ ಹಾಕುವವನು ನನ್ನದನ್ನು ನಾಳೆ ಹಾಕಿದರಾಯಿತೆಂದು ಬಿಟ್ಟಿದ್ದೆ.

ಪರದೆಯ ಆಚೆ ಗಿರಿಜಾ ರೊಟ್ಟಿ ಬಡಿಯುತ್ತಿದ್ದಳು. ಪಟ ಪಟ ನಿಲ್ಲಿಸದೆಯೇ ಕೇಳಿದಳು:

“ಯಾಕ್ರಿ, ಇವತ್ತೂ ಕರೆಂಟ್ ತಗದ್ರೇನು?”

“ಮೈಸೂರ ಮಾಸ್ತರ ಮತ್ತ ಕಾಲೇಜ ಕೇಳಿದ. ‘ತಾವು ಯಾವ ಕಾಲೇಜಲ್ಲಿ ಓದಿದ್ದು?’” ಎಂದು ನಾನು ಮೂಗು ಹಿಡಿದುಕೊಂಡು ಅವರ ದನಿ ಮಾಡಿ ತೋರಿಸಿದೆ. ಚೆನ್ನಾಗಿಯೇ ಬಂತು. ಗಿರಿಜಾ ನಕ್ಕಳೆಂದು ಇನ್ನೊಮ್ಮೆ ಮಾಡಿದೆ.

“ಏಳನೇತ್ತಾ ಅಂತ ಹೇಳಿ ಬಿಡ್ರಲಾ. ಕಳವು ಮಾಡೀರೇನು?”

“ಹೇಳಿದ್ರ ಮುಗೀತು. ನಾಳಿಂದ ನನ್ನ ಮಾತ ಯಾರ ಕೇಳತಾರ? ಡಾಕ್ಟರು, ಎಂಜಿನಿಯರು ಕುಂತಲ್ಲೆ ಏಳನೇತ್ತಾದಾವ ಶಾಣ್ಯಾತನ ಹೇಳಾಕತ್ತಾನಂತ ನಗತಾರ.”

“ಸುಟ್ಟದ್ದ ಅವರದು. ನಿಮ್ಮದು ಸುಟ್ಟೈತೇನು?” ರೊಟ್ಟಿಯ ಬಡಿತ ಜೋರಾಯಿತು. “ಹಲಗೇರಿ ಗೌಡ್ರ ಮೋಟರ್ ಸುತ್ತಿ ಆರ ವರ್ಷ ಆತು. ಮತ್ತೊಮ್ಮೆ ಈ ಬಾಗಲಾ ತುಳದೈತೇನು? ನೀವು ಎಣಸಾಕ ಕುಂತ್ರ ಮನಿಗೆ ಬಂದ ಬೀಗರನ್ನೂ ನಾ ಮಾತಾಡಸಲಾರದ ಕುಂದ್ರಸತೀನಿ. ಅದರ ಕಿಮ್ಮತ್ತ ಆ ಕಾಲೇಜಿನವರಿಗೆ ಗೊತ್ತಾಗಂಗಿಲ್ಲಂದ್ರ ಅವರ ಕಲಿತದ್ದರ ಏನು?”

ಆಕೆ ಬಿಡದೆ ಮುಂದುವರಿಸಿದಳು. ಖಾದರಸಾಬರು ಬಂದಾಗಲೆಲ್ಲ ಎಂಟು ರೊಟ್ಟಿ ಉಂಡು ನಾಲ್ಕೇ ಉಂಡೆ ಎನ್ನುವುದು, ಡಾಕ್ಟರ ಇಡ್ಲಿ ಮಾತು ಕೇಳಿ ಕೇಳಿ ತನಗೆ ಬೇಸರ ಬಂದದ್ದು, ನನ್ನ ಬನಿಯನ್ ಹರಿದದ್ದು. ಎಲ್ಲ ಸಾಂಗವಾಗಿ ನಡೆಯಿತು. ಕಡೆಗೆ ಎದುರಿನ ಎಸ್‌ಟಿಡಿ ಬೂತಿನವನು ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿಬಂದ. ಬ್ಯಾಡಗಿಯಿಂದ ಫೋನು, ಖಾದರಸಾಬರು ಹೇಳಿದ್ದಾರೆ: “ಬಟನ್ ಬಿಡಸಪಾ ಮಾರಾಯಾ, ನಿಮ್ಮನಿ ರೊಟ್ಟಿ ಸಪ್ಪಳ ಮೈಸೂರತನಾ ಕೇಳಾಕತ್ತೈತಿ.”

ನಾನು ಬಟನ್ ನೋಡಿದೆ. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದೆ. ಕೂಡಲೇ ಯಾರೋ ಕೆಮ್ಮಿದ್ದು ಕೇಳಿಸಿತು. ಆಮೇಲೆ ಮೇಷ್ಟ್ರ ದನಿ: “ರಾಣೆಬೆನ್ನೂರಿಗೆ ಕರೆಂಟು ಬಂತಾ?”

ನಾನು ಯಂತ್ರ ಆರಿಸಿದೆ. ಈ ಸಲ ನಿಜವಾಗಿ.

ಎಂಟು ದಿನ ಅದನ್ನು ಮುಟ್ಟಲಿಲ್ಲ. ಮೇಲೊಂದು ಟವೆಲ್ ಹೊದಿಸಿದೆ, ಹೆಣಕ್ಕೆ ಹೊದಿಸಿದ ಹಾಗೆ. ಏಳು ಗಂಟೆಯಾದರೆ ಏನೋ ನೆವ ಹೇಳಿ ಹೊರಗೆ ಹೋಗುತ್ತಿದ್ದೆ. ರೈಲ್ವೆ ಸ್ಟೇಷನ್ನಿನ ತನಕ ನಡೆದು, ಯಾವ ಗಾಡಿಯನ್ನೂ ಹತ್ತದೆ ತಿರುಗಿ ಬರುತ್ತಿದ್ದೆ. ಏಳನೇತ್ತವೆಂಬುದು ಬಯಲಾಗಿತ್ತು, ಅದರ ಮೇಲೆ ಹಿರಿಯ ಮನುಷ್ಯನ ದನಿಯನ್ನು ಎರಡು ಸಲ ಅಣಕಿಸಿದ್ದೆ. ಗಿರಿಜಾ ಮೊದಲ ದಿನ ಅತ್ತಳು, ಎರಡನೆಯ ದಿನ ನನ್ನ ಮೇಲೆ ರೇಗಿದಳು, ಮೂರನೆಯ ದಿನ, ಎಂಟು ರೊಟ್ಟಿ ವಿಷಯ ಖಾದರಸಾಬರು ಕೇಳಿದರೋ ಏನೋ ಎಂದು ಚಿಂತೆ ಮಾಡತೊಡಗಿದಳು.

ಒಂಬತ್ತನೆಯ ದಿನ ಟಪಾಲು ಬಂತು. ಹ್ಯಾಮ್ ಮಂದಿಯಲ್ಲಿ ಒಂದು ಪದ್ಧತಿಯಿದೆ. ಒಬ್ಬರ ದನಿ ಇನ್ನೊಬ್ಬರಿಗೆ ಮೊದಲ ಸಲ ಮುಟ್ಟಿದರೆ, ಹೌದು, ಇಂಥ ದಿನ ಇಷ್ಟು ಹೊತ್ತಿಗೆ ನಿಮ್ಮ ದನಿ ಇಷ್ಟು ಸ್ವಚ್ಛವಾಗಿ ಕೇಳಿಸಿತು ಎಂದು ಒಂದು ಕಾರ್ಡು ಬರೆದು ಕಳಿಸುತ್ತಾರೆ. ಅಂದು ಅಂಥ ಏಳು ಕಾರ್ಡು ಬಂದವು. ಒಂದೂ ನನ್ನ ಹೆಸರಿಗಿರಲಿಲ್ಲ. ಏಳೂ ‘ಶ್ರೀಮತಿ ಗಿರಿಜಾ, ರಾಣೆಬೆನ್ನೂರು’ ಎಂದೇ. ದನಿ ಬಹಳ ಸ್ಪಷ್ಟ, ಯಜಮಾನರದಕ್ಕಿಂತ ಸ್ಪಷ್ಟ ಎಂದು ಒಬ್ಬರು. ಹಿನ್ನೆಲೆಯ ತಾಳ ಸೊಗಸಾಗಿತ್ತು, ಯಾವ ವಾದ್ಯ ಎಂದು ಇನ್ನೊಬ್ಬರು. ಡಾಕ್ಟರು ಇಡ್ಲಿಯ ಮಾತು ಕಡಿಮೆ ಮಾಡುವುದಾಗಿ ಬರೆದಿದ್ದರು. ಗಿರಿಜಾ ಏಳನ್ನೂ ಓದಿಸಿಕೊಂಡು ಕೇಳಿ, ಸೆರಗಿನಿಂದ ಒರೆಸಿ, ದೇವರ ಫೋಟೋದ ಹಿಂದೆ ಇಟ್ಟಳು.

ಎಂಟನೆಯದು ಮರುದಿನ ಲಕೋಟೆಯಲ್ಲಿ ಬಂತು, ಮೇಷ್ಟ್ರದು, ನನ್ನ ಹೆಸರಿಗೆ. ಒಡೆದು ಓದುವ ಮೊದಲು ನಾನು ಎರಡು ಸಲ ಕೈ ತೊಳೆದೆ. ಹೀಗಿತ್ತು:

“ನಿಮ್ಮ ಯಂತ್ರ ಬಿಡದೆ ಇಪ್ಪತ್ತೆರಡು ನಿಮಿಷ ಹೊರಗೆ ಕಳಿಸಿತು. ಗಡಿಯಾರ ಹಿಡಿದು ನೋಡಿದ್ದೇನೆ. ದನಿ ಮೊದಲ ನಿಮಿಷ ಎಷ್ಟಿತ್ತೋ ಕಡೆಯ ನಿಮಿಷವೂ ಅಷ್ಟೇ. ನನ್ನದು ಹತ್ತು ನಿಮಿಷಕ್ಕೆ ಹೊಗೆಯಾಡುತ್ತದೆ. ಕಾಲೇಜು ಕೇಳಿದ್ದು ನನ್ನ ತಪ್ಪು, ಹೇಗೆ ಸುತ್ತಿದಿರಿ ಎಂದು ಕೇಳಬೇಕಿತ್ತು. ಮುಂದಿನ ಭಾನುವಾರ ಹಾವೇರಿಯಲ್ಲಿ ನಾವೆಲ್ಲ ಮುಖಾಮುಖಿ ಸೇರುವವರಿದ್ದೇವೆ. ಸುಟ್ಟದ್ದನ್ನು ತರುತ್ತೇನೆ. ದಯವಿಟ್ಟು ಬಂದು ಎಲ್ಲರ ಎದುರು ಸುತ್ತಿ ತೋರಿಸಬೇಕು. ವಿ.ಸೂ.: ನನ್ನ ದನಿ ಮೂಗಿನಲ್ಲಿದೆಯೆಂದು ನನ್ನ ಹೆಂಡತಿ ನಲವತ್ತು ವರ್ಷದಿಂದ ಹೇಳುತ್ತಿದ್ದಾಳೆ. ಅವಳಿಗೆ ನೀವು ಸಾಕ್ಷಿಯಾದಿರಿ.”

ಇಪ್ಪತ್ತೆರಡು ನಿಮಿಷ! ನಾಚಿಕೆಯಲ್ಲಿ ಅದು ನನ್ನ ತಲೆಗೇ ಬಂದಿರಲಿಲ್ಲ. ನಿಲ್ಲಿಸಿ ನಿಲ್ಲಿಸಿ ಮಾತಾಡುವ ಯಂತ್ರವನ್ನು ಒಂದೇ ಉಸಿರಿಗೆ ಅಷ್ಟು ಹೊತ್ತು ಯಾರೂ ಓಡಿಸುವುದಿಲ್ಲ, ಓಡಿಸಲೂಬಾರದು. ಟವೆಲ್ ತೆಗೆದು ಟ್ರಾನ್ಸ್‌ಫಾರ್ಮರನ್ನು ಮೂಸಿ ನೋಡಿದೆ. ಸುಟ್ಟ ವಾಸನೆಯ ಸುಳಿವಿಲ್ಲ. ಅದರ ತಲೆ ತಟ್ಟಿದೆ, ಎತ್ತಿನ ಬೆನ್ನು ತಟ್ಟಿದ ಹಾಗೆ.

ಹಾವೇರಿಯ ಒಂದು ಹೈಸ್ಕೂಲಿನಲ್ಲಿ ಕೂಟ. ಖಾದರಸಾಬರು ಬ್ಯಾಡಗಿಯಿಂದ ನೇರವಾಗಿ ಬಂದಿದ್ದರು. ಗಿರಿಜಾ ಕೊಟ್ಟು ಕಳಿಸಿದ್ದ ರೊಟ್ಟಿಯ ಗಂಟನ್ನು ನನ್ನ ಕೈಯಿಂದ ಇಸಿದುಕೊಂಡು, “ಎಂಟ ಅದಾವೋ ಇಲ್ಲೋ ಎಣಸತೀನಿ” ಎಂದರು. ಹೈಸ್ಕೂಲಿನ ಮೆಟ್ಟಿಲು ನಾನು ಅದೇ ಮೊದಲ ಸಲ ಹತ್ತಿದ್ದು. ಒಳಗೆ ಎಲ್ಲರೂ ಬೆಂಚಿನ ಮೇಲೆ, ಕರಿಹಲಗೆಯ ಪಕ್ಕದ ಮೇಜು ನನಗೆ. ಮೇಷ್ಟ್ರು ಗಿಡ್ಡ ಮನುಷ್ಯ, ಮೊದಲ ಬೆಂಚಿನ ತುದಿಯಲ್ಲಿ ವಹಿ ತೆಗೆದು ಕೂತಿದ್ದರು. ಅವರ ದನಿಯ ಎತ್ತರಕ್ಕೆ ನಾನು ಆರಡಿಯ ಆಳನ್ನು ಕಲ್ಪಿಸಿಕೊಂಡಿದ್ದೆ.

ಸುಟ್ಟ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ಒಳಗಿನ ಕಪ್ಪು ತೋರಿಸಿದೆ. ಕಾಗದ ಇಲ್ಲದ ಪದರು, ಹೊರಗೆ ಒಣಗಿ ಒಳಗೆ ಹಸಿ ಉಳಿದಿದ್ದ ವಾರ್ನಿಷ್. ಆಮೇಲೆ ಬಟ್ಟಲು ಇಟ್ಟು ಸುತ್ತಲು ಕೂತೆ. ಎಣಿಸುವಾಗ ಯಾರೂ ಮಾತಾಡಬಾರದು, ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮಿ ಬರಬೇಕು ಎಂದು ಮೊದಲೇ ಹೇಳಿದೆ. ಡಾಕ್ಟರು, ಎಂಜಿನಿಯರು, ಪ್ರೊಫೆಸರು, ಮುಕ್ಕಾಲು ತಾಸು ಒಬ್ಬರೂ ಪಿಟ್ಟೆನ್ನಲಿಲ್ಲ. ಹುಣಸೆ ಬೀಜ ಬಟ್ಟಲಿಗೆ ಬಿದ್ದ ಸಪ್ಪಳ ಮಾತ್ರ. ಖಾದರಸಾಬರು ಎರಡು ಸಲ ಹೊರಗೆ ಹೋಗಿ ಬಂದರು. ಕಡೆಗೆ ವಾರ್ನಿಷ್ ಬಳಿದೆ. ಒಲೆಗೆ ಹಿಡಿದು ಅವಸರ ಮಾಡಬೇಡಿ, ಮೂರು ದಿನ ಬಿಸಿಲಿಗಿಟ್ಟು ಆಮೇಲೆ ಕರೆಂಟ್ ಕೊಡಿ ಎಂದು ಮೇಷ್ಟ್ರ ಕೈಗಿತ್ತೆ. ಅವರು ‘ಮೂರು ದಿನ’ ಎಂದು ಬರೆದುಕೊಂಡು ಅಡಿಗೆರೆ ಎಳೆದರು.

ಹೊರಗೆ ಮೆಟ್ಟಿಲ ಮೇಲೆ ಮಂಡಕ್ಕಿ, ಮಿರ್ಚಿ ಭಜಿ, ಚಹಾ. ಶಾಸ್ತ್ರ ಮುಗಿದಿತ್ತು, ಮಾತು ಎತ್ತೆತ್ತಲೋ ಹೊರಟಿತು. ಡಾಕ್ಟರು ಮಾತಿಗೆ ತಪ್ಪದೆ ಇಡ್ಲಿ ಬಿಟ್ಟು ದೋಸೆ ಹಿಡಿದರು. ಧಾರವಾಡದಿಂದ ಬಂದ ತರುಣ ಎಂಜಿನಿಯರೊಬ್ಬ ಅಂದೇ ಹೊಸದಾಗಿ ಸೇರಿದವನು, ಆ ಬೆಳಗಿನ ಕಥೆ ಕೇಳಿರಲಿಲ್ಲ. ಭಜಿ ಮುರಿಯುತ್ತ ಬಹಳ ಗೌರವದಿಂದ ನನ್ನ ಕಡೆ ಬಾಗಿ, “ಸರ್, ತಾವು ಎಲ್ಲಿ ಕಲಿತ್ರಿ?” ಎಂದ.

ಎಲ್ಲರ ದವಡೆಯೂ ನಿಂತಿತು. ಮೇಷ್ಟ್ರು ಚಹಾದ ಬಟ್ಟಲನ್ನೇ ನೋಡತೊಡಗಿದರು.

“ರಾಣೆಬೆನ್ನೂರಾಗ. ಏಳನೇತ್ತಾ ಪಾಸ್” ಎಂದೆ, ಮೆಟ್ಟಿಲ ಕೆಳಗೆ ನಿಂತವರಿಗೂ ಕೇಳುವ ಹಾಗೆ. “ನಿಮ್ಮದ?”

“ಬಿ.ಇ. ಎಲೆಕ್ಟ್ರಿಕಲ್ ರೀ.”

“ಛಲೋ ಆತು. ಸುತ್ತಾಕ ಬರತೈತೇನು?”

ಅವನು ಭಜಿಯನ್ನು ಕೆಳಗಿಟ್ಟ. “ಇಲ್ರಿ.”

“ಅಡ್ಡಿ ಇಲ್ಲ. ಸೋಮವಾರ ಅಂಗಡಿಗೆ ಬರ್ರಿ, ಕಲಿಸತೀನಿ” ಎಂದು ನಾನು ಅವನ ತಟ್ಟೆಗೆ ಇನ್ನೊಂದು ಭಜಿ ಹಾಕಿದೆ.